ಕೋಟ್‌ಗಢ: ಬಿಟ್ಟಿ ಹೊರೆಯ ದಾರಿಯಲ್ಲಿ ಸೇಬಿನ ಊರು

ಮೊದಲ ದಿನ: ಶಿಮ್ಲಾದಿಂದ ನಾರ್ಕಂಡ

ಶಿಮ್ಲಾ ನೋಡಲು ಬರುವವರಲ್ಲಿ ಹೆಚ್ಚಿನವರು ಕುಫ್ರಿಯವರೆಗೆ ಹೋಗಿ, ಕುದುರೆ ಹತ್ತಿ ಇಳಿದು ವಾಪಸ್ ಬರುತ್ತಾರೆ. ಅದೇ ರಸ್ತೆಯಲ್ಲಿ ಇನ್ನೂ ಒಂದೆರಡು ಗಂಟೆ ಮುಂದೆ ಹೋದರೆ ಥಿಯೋಗ್, ಮಟಿಯಾನಾ, ನಾರ್ಕಂಡ. ಅಲ್ಲಿಂದ ಸಟ್ಲೆಜ್ ನದಿಯ ಕಡೆ ಇಳಿದರೆ ಥಾನೇದಾರ್ ಮತ್ತು ಕೋಟ್‌ಗಢ. ನಾವು 'ಶಿಮ್ಲಾ ಸೇಬು' ಅಂತ ಕೊಂಡು ತಿನ್ನುತ್ತೇವಲ್ಲ, ಅದರ ತವರು ಇದೇ ಇಳಿಜಾರು. ಅಕ್ಕ, ಭಾವ ಮತ್ತು ನಾನು ಆಗಸ್ಟ್ ಕೊನೆಗೆ ಅಲ್ಲಿಗೆ ಹೊರಟೆವು. ಮಳೆಗಾಲದಲ್ಲಿ ಯಾರಾದರೂ ಹಿಮಾಲಯಕ್ಕೆ ಹೋಗ್ತಾರಾ ಅಂತ ಮನೆಯಲ್ಲಿ ಎಲ್ಲರೂ ಕೇಳಿದರು. ಆದರೆ ಹಣ್ಣು ಮರದಲ್ಲಿರುವುದು ಆಗಲೇ.

ಭಾವ ಹಾಸನದ ಕಡೆಯ ರೈತರು. ವರ್ಷಗಟ್ಟಲೆ ಆಲೂಗಡ್ಡೆ ಬೆಳೆದವರು. ಕುಫ್ರಿ ಎಂಬ ಬೋರ್ಡ್ ಕಂಡ ಕೂಡಲೇ ಕಾರು ನಿಲ್ಲಿಸಲು ಹೇಳಿದರು. 'ಕುಫ್ರಿ ಜ್ಯೋತಿ' ಅಂದರೆ ಹಾಸನದಲ್ಲಿ ಮಕ್ಕಳಿಗೂ ಗೊತ್ತು. ಮೇ, ಜೂನ್‌ನಲ್ಲಿ ಎಲ್ಲರೂ ಬಿತ್ತುವ ತಳಿ. ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ ಇರುವುದು ಶಿಮ್ಲಾದಲ್ಲಿ. ತಳಿ ಸಂಕರ ಮಾಡುವ ಕೆಲಸ ಕುಫ್ರಿಯಲ್ಲಿ ನಡೆದದ್ದರಿಂದ ಅವರ ತಳಿಗಳಿಗೆಲ್ಲ ಆ ಊರಿನ ಹೆಸರು ಸೇರಿಕೊಂಡಿತು. ಭಾವ ರಸ್ತೆ ಪಕ್ಕ ನಿಂತು ಆ ಗುಡ್ಡಗಳನ್ನು ಬಹಳ ಹೊತ್ತು ನೋಡಿದರು. "ಅಂಗಮಾರಿ ರೋಗಕ್ಕೆ ಇಲ್ಲಿಂದಲೇ ಔಷಧಿ ಬರುತ್ತೆ ಅಂತ ಕಾಯ್ತಾ ಇದ್ವಿ" ಅಂದರು. ಈ ಸೀಮೆಯಲ್ಲಿ ಸೇಬಿಗಿಂತ ಮೊದಲು ಕಾಸು ತಂದುಕೊಟ್ಟ ಬೆಳೆಯೂ ಆಲೂಗಡ್ಡೆಯೇ.

ಥಿಯೋಗ್ ದಾಟಿದ ಮೇಲೆ ಲಾರಿಗಳು ಶುರುವಾದವು. ಎದುರಿಗೆ ಬರುವ ಪ್ರತಿ ಲಾರಿ, ಪಿಕಪ್‌ನಲ್ಲೂ ಸೇಬಿನ ಪೇಟಿಗಳೇ. ಮಣ್ಣು ಕುಸಿದ ಒಂದು ತಿರುವಿನಲ್ಲಿ ಒಂದೇ ವಾಹನಕ್ಕೆ ಜಾಗವಿತ್ತು. ಅಲ್ಲಿ ತುಂಬಿದ ಲಾರಿ ಮೊದಲು ಹೋಗಬೇಕು, ಪ್ರವಾಸಿಗರ ಕಾರು ಆಮೇಲೆ. ಯಾರೂ ಹೇಳದೇ ಎಲ್ಲರೂ ಪಾಲಿಸುವ ನಿಯಮ ಅದು.

ಈ ರಸ್ತೆಗೆ ಈಗ ರಾಷ್ಟ್ರೀಯ ಹೆದ್ದಾರಿ 5 ಎಂದು ಹೆಸರು. ಇದರ ಹಳೆಯ ಹೆಸರು ಹಿಂದುಸ್ತಾನ್-ಟಿಬೆಟ್ ರಸ್ತೆ. ಲಾರ್ಡ್ ಡಾಲ್‌ಹೌಸಿಯ ಕಾಲದಲ್ಲಿ, 1850ರಲ್ಲಿ ಇದರ ಕೆಲಸ ಶುರುವಾಯಿತು. ಟಿಬೆಟ್ ಜೊತೆ ಉಣ್ಣೆಯ ವ್ಯಾಪಾರ ಬೆಳೆಸುವುದು ಬ್ರಿಟಿಷರ ಲೆಕ್ಕಾಚಾರ. ಹೇಸರಗತ್ತೆಗಳಷ್ಟೇ ಈ ದಾರಿಯಲ್ಲಿ ಹೊರೆ ಹೊತ್ತಿದ್ದಲ್ಲ. ಬೆಟ್ಟದ ರೈತರ ಬೆನ್ನೂ ಹೊತ್ತಿದೆ. ಅದಕ್ಕೆ ಇಲ್ಲಿ 'ಬೇಗಾರ್' ಅನ್ನುತ್ತಾರೆ, ನಮ್ಮ ಬಿಟ್ಟಿ ಚಾಕರಿ. ದೊರೆಗಳು ಬೇಟೆಗೆ ಬಂದರೆ, ಅಧಿಕಾರಿ ಸವಾರಿ ಹೊರಟರೆ, ಅಂಚೆ ಸಾಗಬೇಕಾದರೆ ಊರಿನ ಗಂಡಸರು ಹೊಲದ ಕೆಲಸ ಬಿಟ್ಟು ಬರಬೇಕು. ಕುಯ್ಲಿನ ದಿನವಾದರೂ ಸರಿ, ಮನೆಯಲ್ಲಿ ಸಾವಾಗಿದ್ದರೂ ಸರಿ. ಕೋಟ್‌ಗಢದ ಕಥೆ ಅರ್ಥವಾಗಬೇಕಾದರೆ ಮೊದಲು ಈ ದಾರಿಯ ಕಥೆ ಗೊತ್ತಿರಬೇಕು.

ಸಂಜೆ ನಾರ್ಕಂಡ ತಲುಪಿದೆವು. ಸುಮಾರು 2,700 ಮೀಟರ್ ಎತ್ತರ. ಚಳಿ ಚೆನ್ನಾಗಿಯೇ ಇತ್ತು. ಬಿಸಿ ರಾಜ್ಮಾ ಅನ್ನ ತಿಂದು ಮಲಗಿದೆವು.

ಎರಡನೇ ದಿನ: ಹಾಟು ಶಿಖರ

ನಾರ್ಕಂಡದಿಂದ ಹಾಟು ಶಿಖರಕ್ಕೆ ಒಂದು ಕಡಿದಾದ ಕಿರುದಾರಿ ಇದೆ. ಎದುರಿಗೆ ವಾಹನ ಬಂದರೆ ಯಾರಾದರೊಬ್ಬರು ಹಿಂದಕ್ಕೆ ಹೋಗಲೇಬೇಕು. ಎರಡೂ ಬದಿಗೆ ದೇವದಾರು, ಸ್ಪ್ರೂಸ್, ಮೇಲಕ್ಕೆ ಹೋದಂತೆ ಓಕ್ ಜಾತಿಯ ಖರ್ಸು ಮರಗಳು. ಕೊಂಬೆಗಳ ತುಂಬ ಪಾಚಿ. ಶಿಖರದ ಎತ್ತರ ಸುಮಾರು 3,400 ಮೀಟರ್. ಶಿಮ್ಲಾ ಸುತ್ತಲಿನ ಎತ್ತರದ ಜಾಗಗಳಲ್ಲಿ ಇದೂ ಒಂದು.

ಮೇಲೆ ಹಾಟು ಮಾತೆಯ ಗುಡಿ. ಇಡೀ ಗುಡಿ ಮರದ ಕೆತ್ತನೆ. ಇಲ್ಲಿಯವರ ನಂಬಿಕೆಯಲ್ಲಿ ಹಾಟು ಮಾತೆ ಬೇರೆ ಯಾರೂ ಅಲ್ಲ, ರಾವಣನ ಹೆಂಡತಿ ಮಂಡೋದರಿ. ಜ್ಯೇಷ್ಠ ಮಾಸದಲ್ಲಿ ಸುತ್ತಲಿನ ಹಳ್ಳಿಗಳವರೆಲ್ಲ ಸೇರಿ ಜಾತ್ರೆ ಮಾಡುತ್ತಾರೆ. ಅಕ್ಕನಿಗೆ ಇದು ಬಹಳ ಹಿಡಿಸಿತು. "ಸೀತೆಗೆ ಗುಡಿ ಎಲ್ಲಾ ಕಡೆ ಇದೆ. ಮಂಡೋದರಿಗೆ ಎಲ್ಲಿದೆ ಹೇಳು? ಗಂಡ ಮಾಡಿದ್ದು ತಪ್ಪು ಅಂತ ಎದುರಿಗೇ ಹೇಳಿದವಳು ಅವಳು" ಅಂದಳು. ಪಂಚಕನ್ಯೆಯರ ಶ್ಲೋಕದಲ್ಲಿ ದಿನಾ ಹೆಸರು ಹೇಳುವ ಹೆಣ್ಣಿಗೆ ಬೆಟ್ಟದ ತುದಿಯಲ್ಲಿ ಪೂಜೆ ನಡೆಯುವುದು ನನಗೂ ಸಂತೋಷದ ವಿಷಯವೇ. ಗುಡಿಯ ಹತ್ತಿರ ದೊಡ್ಡ ಬಂಡೆಗಳಿವೆ. ಭೀಮ ಒಲೆ ಹೂಡಿ ಅಡುಗೆ ಮಾಡಿದ ಜಾಗ ಅಂತ ಅರ್ಚಕರು ತೋರಿಸಿದರು.

ಚೆನ್ನಾಗಿ ಬಿಸಿಲಿದ್ದರೆ ಉತ್ತರಕ್ಕೆ ಶ್ರೀಖಂಡ ಮಹಾದೇವ ಪರ್ವತ ಸಾಲು ಕಾಣುತ್ತದೆ. ನಮಗೆ ಮೋಡ ಸರಿದಾಗೊಮ್ಮೆ ಸ್ವಲ್ಪ ಹೊತ್ತು ಕಂಡಿತು, ಅಷ್ಟೆ. ಆದರೆ ನಿಂತ ನೆಲವೇ ನೋಡುವಂಥದ್ದು. ಹಾಟುವಿನಿಂದ ನಾರ್ಕಂಡದ ಮೂಲಕ ಶಿಮ್ಲಾದವರೆಗೆ ಹೋಗುವ ಈ ಏಣು ಎರಡು ದೊಡ್ಡ ನದಿಗಳ ನಡುವಿನ ಗಡಿ. ಉತ್ತರದ ಇಳಿಜಾರಿನಲ್ಲಿ ಬಿದ್ದ ಮಳೆ ಸಟ್ಲೆಜ್ ಸೇರಿ, ಸಿಂಧೂ ಸೇರಿ, ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ದಕ್ಷಿಣಕ್ಕೆ ಬಿದ್ದದ್ದು ಗಿರಿ ನದಿ, ಯಮುನೆ, ಗಂಗೆ ಹಿಡಿದು ಬಂಗಾಳ ಕೊಲ್ಲಿಗೆ. ಸಕಲೇಶಪುರದ ಬಿಸಿಲೆ ಘಾಟಿಯಲ್ಲಿ ಕುಮಾರಧಾರೆ, ಹೇಮಾವತಿಗಳ ನಡುವೆ ಇಂಥದ್ದೇ ಒಂದು ಏಣಿದೆ. ಅಲ್ಲಿ ನಿಂತವರಿಗೆ ಇದರ ಲೆಕ್ಕ ಕೂಡಲೇ ಅರ್ಥವಾಗುತ್ತದೆ.

ಈ ಎತ್ತರದ ಮೇಲೆ ಕಣ್ಣಿಡದ ಸೈನ್ಯವಿಲ್ಲ. 1800ರ ದಶಕದ ಮೊದಲ ವರ್ಷಗಳಲ್ಲಿ ನೇಪಾಳದ ಗೂರ್ಖಾಗಳು ಈ ಬೆಟ್ಟಗಳನ್ನೆಲ್ಲ ಗೆದ್ದುಕೊಂಡರು. ಅವರ ಸೇನಾಪತಿ ಅಮರ್ ಸಿಂಗ್ ಥಾಪಾ. 1815ರಲ್ಲಿ ಬ್ರಿಟಿಷರ ಕೈಯಲ್ಲಿ ಸೋತು ಹಿಂದೆ ಸರಿದರು. ಬ್ರಿಟಿಷರು ಸುತ್ತಲಿನ ರಾಜ್ಯಗಳನ್ನು ಅಲ್ಲಲ್ಲಿನ ರಾಜರಿಗೆ ವಾಪಸ್ ಕೊಟ್ಟು, ಆಯಕಟ್ಟಿನ ಕೆಲವು ಜಾಗಗಳನ್ನು ಮಾತ್ರ ತಾವೇ ಇಟ್ಟುಕೊಂಡರು. ಅದರಲ್ಲಿ ಕೋಟ್‌ಗಢವೂ ಒಂದು. ಸ್ವಲ್ಪ ಕಾಲ ಅಲ್ಲಿ ಸೈನ್ಯದ ಠಾಣೆಯೂ ಇತ್ತು. ಹೀಗೆ ಪಕ್ಕದ ಕುಮಾರಸೇನ್, ಬುಶಹರ್ ಪ್ರಜೆಗಳು ರಾಜರ ಕೈಕೆಳಗೆ, ಕೋಟ್‌ಗಢದವರು ನೇರವಾಗಿ ಸರ್ಕಾರದ ಕೈಕೆಳಗೆ. ನೂರು ವರ್ಷದ ನಂತರ ಈ ವ್ಯತ್ಯಾಸ ದೊಡ್ಡ ಕೆಲಸಕ್ಕೆ ಬಂತು.

ಮಧ್ಯಾಹ್ನ ಥಾನೇದಾರ್ ಕಡೆ ಇಳಿದೆವು. ದಾರಿಯಲ್ಲಿ ತಾನಿ ಜುಬ್ಬರ್ ಅಂತ ಪುಟ್ಟ ಕೆರೆ, ದಂಡೆಯಲ್ಲಿ ನಾಗದೇವತೆಯ ಗುಡಿ. ಸುತ್ತಲೂ ದೇವದಾರು. ಮಳೆ ಜೋರಾದ್ದರಿಂದ ಹೆಚ್ಚು ಹೊತ್ತು ನಿಲ್ಲಲಿಲ್ಲ. ಥಾನೇದಾರ್‌ನಲ್ಲಿ ಒಬ್ಬ ತೋಟದವರ ಮನೆಯಲ್ಲೇ ಬಾಡಿಗೆಗೆ ಕೋಣೆ ಸಿಕ್ಕಿತು.

ಮೂರನೇ ದಿನ: ಥಾನೇದಾರ್, ಸ್ಟೋಕ್ಸ್ ಅವರ ಬೆಟ್ಟ

ಬೆಳಿಗ್ಗೆ ಕಿಟಕಿ ತೆಗೆದರೆ ಕಾಲ ಬುಡದಿಂದಲೇ ತೋಟ. ಬೆಟ್ಟದ ಮೈಮೇಲೆ ಕೆಳಗಿನವರೆಗೂ ಸೇಬಿನ ಮರಗಳು. ಅನೇಕ ತೋಟಗಳ ಮೇಲೆ ಆಲಿಕಲ್ಲು ತಡೆಯುವ ಬಲೆ ಹಾಸಿದ್ದಾರೆ. ದೂರದಿಂದ ಅವು ಬಿಳಿ, ಹಸಿರು ತೇಪೆಗಳ ಹಾಗೆ ಕಾಣುತ್ತವೆ. ಬಹಳ ಕೆಳಗೆ, ಸಾವಿರ ಮೀಟರಿಗೂ ಕೆಳಗೆ, ಕಂದುಬಣ್ಣದ ಸಟ್ಲೆಜ್. ಕೈಲಾಸದ ಬಳಿಯ ರಾಕ್ಷಸತಾಲ ಸರೋವರದ ಕಡೆಯಿಂದ ಹೊರಟು, ಶಿಪ್ಕಿ ಲಾ ಹತ್ತಿರ ಭಾರತದೊಳಗೆ ಬರುವ ನದಿ.

ಮನೆಯ ಯಜಮಾನರಿಗೆ ಎಪ್ಪತ್ತರ ಮೇಲೆ ವಯಸ್ಸು. ಭಾವ ಅವರನ್ನು 'ಬಾವೂಜಿ' ಅಂತ ಕರೆಯಲು ಶುರು ಮಾಡಿದರು. ಇಬ್ಬರಿಗೂ ತಕ್ಷಣ ಜೊತೆ ಬಿತ್ತು. ರೈತರಿಗೆ ರೈತರ ಜೊತೆ ಮಾತಾಡಲು ಹಿಂದಿ ಜಾಸ್ತಿ ಬೇಕಾಗಿಲ್ಲ. ನಮ್ಮನ್ನು ತೋಟಕ್ಕೆ ಕರೆದುಕೊಂಡು ಹೋದರು. ತುಡಾನ್ ನಡೆಯುತ್ತಿತ್ತು. ಕೊಯ್ಲಿಗೆ ಇಲ್ಲಿ ಹಾಗೆನ್ನುತ್ತಾರೆ.

ಸೇಬನ್ನು ಕಿತ್ತುಕೊಳ್ಳಬಾರದು. ಬಾವೂಜಿ ಒಂದನ್ನು ಬಿಡಿಸಿ ತೋರಿಸಿದರು. ಹಣ್ಣನ್ನು ಅಂಗೈಯೊಳಗೆ ಕೂರಿಸಿ, ತೊಟ್ಟಿನ ಬುಡಕ್ಕೆ ತೋರುಬೆರಳು ಆನಿಸಿ, ಹಣ್ಣನ್ನು ಮೇಲಕ್ಕೆತ್ತಿ ಸ್ವಲ್ಪ ತಿರುಗಿಸಬೇಕು. ಕಟ್ ಅಂತ ಸಣ್ಣ ಸದ್ದು. ತೊಟ್ಟು ಹಣ್ಣಿನ ಜೊತೆ ಬರಬೇಕು, ಪಕ್ಕದ ಗಿಡ್ಡ ಕಡ್ಡಿ ಮಾತ್ರ ಮರದಲ್ಲೇ ಉಳಿಯಬೇಕು. ಮುಂದಿನ ವರ್ಷದ ಮೊಗ್ಗು ಇರುವುದು ಆ ಗಿಡ್ಡ ಕಡ್ಡಿಯಲ್ಲಿ. ಎಳೆದು ಮುರಿದರೆ ಮುಂದಿನ ಫಸಲೇ ಹೋಯಿತು. ತೊಟ್ಟಿಲ್ಲದ ಹಣ್ಣಿಗೆ ಮಂಡಿಯಲ್ಲಿ ಬೆಲೆ ಇಲ್ಲ, ಬೇಗ ಕೊಳೆಯುತ್ತದೆ. ಹಣ್ಣಿನ ಮೇಲೆ ಬೂದಿಯಂಥ ತೆಳುವಾದ ಮೇಣದ ಪೊರೆ ಇರುತ್ತದೆ. ಅದನ್ನು ಉಜ್ಜಿ ಹೊಳೆಯಿಸುವ ಹಾಗಿಲ್ಲ. ಬಾವೂಜಿ ಹೆಬ್ಬೆರಳಿನಿಂದ ಒಂದು ಗೆರೆ ಎಳೆದು ತೋರಿಸಿದರು. ಉಜ್ಜಿದ ಕಡೆ ಕಡುಗೆಂಪು, ಉಳಿದ ಕಡೆ ಮಬ್ಬು. ಮಬ್ಬಾಗಿದ್ದರೆ ಹೊಸ ಹಣ್ಣು ಅಂತ ತಿಳಿಯಬೇಕಂತೆ.

ಈ ತೋಟದಲ್ಲಿ ಹೆಚ್ಚಿನದು ರಾಯಲ್ ಡೆಲಿಷಿಯಸ್. ಬರೀ 'ರಾಯಲ್' ಅನ್ನುತ್ತಾರೆ. ನಡುನಡುವೆ ಗೋಲ್ಡನ್ ಮರಗಳು. ರಾಯಲ್ ಮರ ತನ್ನದೇ ಪರಾಗದಿಂದ ಸರಿಯಾಗಿ ಕಾಯಿ ಕಟ್ಟುವುದಿಲ್ಲ, ಗೋಲ್ಡನ್‌ನ ಪರಾಗ ಬೇಕು. ಹೂ ಬಿಡುವ ಏಪ್ರಿಲ್‌ನಲ್ಲಿ ಜೇನುಪೆಟ್ಟಿಗೆ ಬಾಡಿಗೆಗೆ ತಂದು ಇಡುತ್ತಾರೆ. ಚಳಿಗಾಲದಲ್ಲಿ ಏಳು ಡಿಗ್ರಿಗಿಂತ ಕಮ್ಮಿ ಉಷ್ಣಾಂಶ ಒಟ್ಟು ಸಾವಿರ ಗಂಟೆಗೂ ಹೆಚ್ಚು ಸಿಗಬೇಕು. ಇಲ್ಲದಿದ್ದರೆ ಮೊಗ್ಗು ಸರಿಯಾಗಿ ಒಡೆಯುವುದಿಲ್ಲ. ಈಗೀಗ ಹಿಮ ತಡವಾಗಿ, ಕಮ್ಮಿ ಬೀಳುತ್ತದೆ. ಕೆಳಗಿನ ತೋಟಗಳಿಗೆ ಅದು ಸಾಲುತ್ತಿಲ್ಲ. ಸೇಬಿನ ಬೆಳೆ ಮೆಲ್ಲಗೆ ಮೇಲಕ್ಕೆ, ಕಿನ್ನೌರ್, ಸ್ಪಿತಿ ಕಡೆ ಹತ್ತುತ್ತಿದೆ. ಭಾವ ನಮ್ಮ ಕಡೆಯೂ ಕೆಲವರು ಎಚ್‌ಆರ್‌ಎಮ್‌ಎನ್-99 ಅಂತ ಸೇಬು ಹಾಕಿದ್ದಾರೆ ಅಂದಾಗ ಬಾವೂಜಿ ತಲೆಯಾಡಿಸಿದರು. ಅದು ಚಳಿ ಜಾಸ್ತಿ ಬೇಡದ ತಳಿ, ಅದನ್ನು ರೂಪಿಸಿದ ಹರಿಮನ್ ಶರ್ಮಾ ಹಿಮಾಚಲದ ಬಿಲಾಸ್‌ಪುರದವರೇ.

ತೋಟ ಮುಗಿಸಿ ಬಾರೋಬಾಗ್ ಕಡೆ ಹತ್ತಿದೆವು. ಅಲ್ಲಿರುವುದು ಹಾರ್ಮನಿ ಹಾಲ್. ಸ್ಯಾಮ್ಯುಯೆಲ್ ಇವಾನ್ಸ್ ಸ್ಟೋಕ್ಸ್ ಅವರ ಮನೆ. ಕಲ್ಲು, ಮರ, ಮೇಲೆ ಸ್ಲೇಟ್ ಕಲ್ಲಿನ ಚಾವಣಿ. ಕುಟುಂಬದವರ ಮನೆಯಾದ್ದರಿಂದ ನಾವು ಹೊರಗಿನಿಂದಲೇ ನೋಡಿದೆವು.

ಸ್ಟೋಕ್ಸ್ 1882ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಹುಟ್ಟಿದವರು. ಕ್ವೇಕರ್ ಎಂಬ ಕ್ರೈಸ್ತ ಪಂಥದ ಶ್ರೀಮಂತ ಮನೆತನ. ಓದು ಅರ್ಧಕ್ಕೆ ಬಿಟ್ಟು, 21ನೇ ವಯಸ್ಸಿನಲ್ಲಿ, 1904ರಲ್ಲಿ ಭಾರತಕ್ಕೆ ಬಂದರು. ಬಂದದ್ದು ಸಬಾಥುವಿನ ಕುಷ್ಠರೋಗಿಗಳ ಆಶ್ರಮದಲ್ಲಿ ಕೆಲಸ ಮಾಡಲು. ಮರುವರ್ಷ ಏಪ್ರಿಲ್ 4ರಂದು ಕಾಂಗ್ಡಾ ಭೂಕಂಪ ಆಯಿತು. ಸಾವಿರಾರು ಜನ ಸತ್ತರು. ಪರಿಹಾರದ ಕೆಲಸಕ್ಕೆ ಹೋದ ಸ್ಟೋಕ್ಸ್ ಆರೋಗ್ಯ ಕೆಡಿಸಿಕೊಂಡು, ಸುಧಾರಿಸಿಕೊಳ್ಳಲು ಕೋಟ್‌ಗಢಕ್ಕೆ ಬಂದರು. ಇಲ್ಲೇ ಉಳಿದರು. ಕೆಲ ಕಾಲ ಸಾಧುವಿನ ಹಾಗೆ ಗುಹೆಯಲ್ಲೂ ಬದುಕಿದರು. 1912ರಲ್ಲಿ ಇಲ್ಲಿಯ ರಜಪೂತ ಮೂಲದ ಕ್ರೈಸ್ತ ಕುಟುಂಬದ ಆಗ್ನೆಸ್ ಅವರನ್ನು ಮದುವೆಯಾದರು. ಜಮೀನು ಕೊಂಡು ರೈತರಾದರು.

ಇವರಿಗಿಂತ ಮೊದಲು ಈ ಬೆಟ್ಟಗಳಲ್ಲಿ ಸೇಬು ಇರಲಿಲ್ಲ ಅಂತಲ್ಲ. 1870ರಲ್ಲೇ ಕ್ಯಾಪ್ಟನ್ ಲೀ ಕುಲ್ಲು ಕಣಿವೆಯ ಬಂದ್ರೋಲ್‌ನಲ್ಲಿ ತೋಟ ಮಾಡಿದ್ದರು. ಆದರೆ ಅವು ಇಂಗ್ಲೆಂಡಿನ ಹುಳಿ ತಳಿಗಳು. ಭಾರತದವರ ನಾಲಿಗೆಗೆ ಹಿಡಿಸಲಿಲ್ಲ. ಸ್ಟೋಕ್ಸ್ ತಂದದ್ದು ರೆಡ್ ಡೆಲಿಷಿಯಸ್. ಅಮೆರಿಕದ ಮಿಸೌರಿ ರಾಜ್ಯದ ಸ್ಟಾರ್ಕ್ ಬ್ರದರ್ಸ್ ನರ್ಸರಿಯ ಸಸಿಗಳು, 1916ರಲ್ಲಿ ನೆಟ್ಟದ್ದು. ಕೆಂಪು, ಸಿಹಿ, ರಸದ ಹಣ್ಣು. ಆಮೇಲೆ ಗೋಲ್ಡನ್ ಡೆಲಿಷಿಯಸ್ ಸಸಿಗಳನ್ನು ಅವರ ತಾಯಿಯೇ ಕ್ರಿಸ್‌ಮಸ್ ಉಡುಗೊರೆಯಾಗಿ ಕಳಿಸಿದರು. ಬೆಟ್ಟದ ರೈತರು ಮೊದಲು ನಂಬಲಿಲ್ಲ. ಹೊಟ್ಟೆಗೆ ಗೋಧಿ, ಆಲೂಗಡ್ಡೆ ಬೆಳೆಯುವ ನೆಲದಲ್ಲಿ ಮರ ನೆಟ್ಟು ಹಲವು ವರ್ಷ ಕಾಯುವುದು ಹೇಗೆ? ಸ್ಟೋಕ್ಸ್ ಸಸಿಗಳನ್ನು ಪುಕ್ಕಟೆ ಕೊಟ್ಟರು, ನೆಡುವುದು, ಕೊಂಬೆ ಸವರುವುದು ಕಲಿಸಿದರು. 1926ರ ಹೊತ್ತಿಗೆ ಹಣ್ಣು ಮಾರಾಟಕ್ಕೆ ಬಂತು. ಹಣ ಕಣ್ಣಿಗೆ ಕಂಡ ಮೇಲೆ ಯಾರಿಗೂ ಹೇಳಬೇಕಾಗಿ ಬರಲಿಲ್ಲ. ಇವತ್ತು ಹಿಮಾಚಲದಲ್ಲಿ ಒಂದು ಲಕ್ಷ ಹೆಕ್ಟೇರಿಗೂ ಜಾಸ್ತಿ ನೆಲದಲ್ಲಿ ಸೇಬು ಇದೆ.

ಸಾಮಾನ್ಯವಾಗಿ ಸ್ಟೋಕ್ಸ್ ಕಥೆ ಇಲ್ಲಿಗೆ ಮುಗಿಯುತ್ತದೆ. 'ಸೇಬು ತಂದ ಅಮೆರಿಕದವರು' ಅಂತ ಬರೆದು ಬಿಟ್ಟುಬಿಡುತ್ತಾರೆ. ನನಗೆ ಅದು ಸಾಲದು ಅನ್ನಿಸುತ್ತದೆ. ಸೇಬು ನೆಟ್ಟ ಅದೇ ವರ್ಷಗಳಲ್ಲಿ ಅವರು ಬಿಟ್ಟಿ ಹೊರೆಯ ವಿರುದ್ಧ ಊರಿನವರ ಜೊತೆ ನಿಂತರು. 1920-21ರಲ್ಲಿ ಕೋಟ್‌ಗಢದ ಹಳ್ಳಿಗಳನ್ನು ಒಟ್ಟುಗೂಡಿಸಿ, ಇನ್ನು ಮುಂದೆ ಬೇಗಾರ್ ಹೊರುವುದಿಲ್ಲ ಅಂತ ತೀರ್ಮಾನ ಮಾಡಿಸಿದರು. ಅಧಿಕಾರಿಗಳಿಗೆ ಪತ್ರದ ಮೇಲೆ ಪತ್ರ ಬರೆದರು, ಪತ್ರಿಕೆಗಳಲ್ಲಿ ಬರೆದರು. ಇಲ್ಲಿ ರಾಜರಿರಲಿಲ್ಲ, ನೇರ ಸರ್ಕಾರವನ್ನೇ ಪ್ರಶ್ನೆ ಕೇಳಬಹುದಿತ್ತು. ಕೊನೆಗೆ ಸರ್ಕಾರ ಬಗ್ಗಿತು. ಬೇಗಾರ್ ನಿಂತಿತು.

ಇವೆರಡೂ ಒಂದೇ ಕೆಲಸದ ಎರಡು ಭಾಗ. ಬೇರೆಯವರ ಹೊರೆ ಹೊರಲು ಕರೆ ಬಂದಾಗಲೆಲ್ಲ ಓಡಬೇಕಾದ ರೈತ ತೋಟ ಮಾಡಲು ಆಗುತ್ತಿರಲಿಲ್ಲ. ಕುಯ್ಲಿನ ಹೊತ್ತಿಗೆ ಅವನು ಯಾರದೋ ಪೆಟ್ಟಿಗೆ ಹೊತ್ತು ದಾರಿಯಲ್ಲಿರುತ್ತಿದ್ದ. ಮೊದಲು ತನ್ನ ದಿನ ತನ್ನದಾಗಬೇಕು, ಆಮೇಲೆ ತಾನೇ ಮರ? ಸಸಿ ಹಂಚಿದವರು ಇನ್ನೂ ಕೆಲವರು ಇದ್ದಿರಬಹುದು. ರೈತನ ದಿನಗಳನ್ನೂ ಬಿಡಿಸಿಕೊಟ್ಟದ್ದಕ್ಕೆ ಕೋಟ್‌ಗಢ ಕೋಟ್‌ಗಢವಾಯಿತು.

ಸ್ಟೋಕ್ಸ್ ಅಲ್ಲಿಗೂ ನಿಲ್ಲಲಿಲ್ಲ. ಖಾದಿ ಉಟ್ಟರು, 1920ರ ನಾಗ್ಪುರ ಕಾಂಗ್ರೆಸ್ ಅಧಿವೇಶನಕ್ಕೆ ಹೋದರು. 1921ರ ಡಿಸೆಂಬರ್‌ನಲ್ಲಿ ರಾಜದ್ರೋಹದ ಆರೋಪದ ಮೇಲೆ ವಾಘಾದಲ್ಲಿ ಅವರನ್ನು ಹಿಡಿದರು. ಆರು ತಿಂಗಳು ಜೈಲು. ಗಾಂಧೀಜಿ 'ಯಂಗ್ ಇಂಡಿಯಾ'ದಲ್ಲಿ ಅವರ ಬಗ್ಗೆ ಬರೆದರು. 1932ರಲ್ಲಿ ಅವರು ಹಿಂದೂ ಧರ್ಮಕ್ಕೆ ಬಂದು ಸತ್ಯಾನಂದರಾದರು, ಆಗ್ನೆಸ್ ಪ್ರಿಯಾದೇವಿಯಾದರು. ಗೀತೆ, ಉಪನಿಷತ್ತುಗಳನ್ನು ಮೂಲದಲ್ಲೇ ಓದಬೇಕೆಂದು ಸಂಸ್ಕೃತ ಕಲಿತರು.

ಅವರು 1937ರಲ್ಲಿ ಕಟ್ಟಿಸಿದ ಪರಮಜ್ಯೋತಿ ಮಂದಿರ ಹತ್ತಿರದಲ್ಲೇ ಇದೆ. ಚಪ್ಪಲಿ ಬಿಟ್ಟು ಒಳಗೆ ಹೋದರೆ ಗೀತೆಯ ಮತ್ತು ಉಪನಿಷತ್ತಿನ ಸಾಲುಗಳನ್ನು ಮರದಲ್ಲಿ ಕೊರೆದಿದ್ದಾರೆ. ಅಕ್ಕ ದೇವನಾಗರಿ ಅಕ್ಷರ ಕೂಡಿಸಿಕೊಂಡು ಓದುತ್ತಾ ಹೋದಳು. ಬಾಯಿಪಾಠ ಬರುವ ಸಾಲು ಸಿಕ್ಕಾಗ ಜೋರಾಗಿ ಹೇಳಿದಳು. ಅಲ್ಲಿದ್ದ ಇಬ್ಬರು ಹೆಂಗಸರು ಮುಂದಿನ ಸಾಲು ಸೇರಿಸಿದರು. ಭಾಷೆ ಬಾರದ ಊರಿನಲ್ಲಿ ಅವರ ಮಾತುಕತೆ ಹೀಗೆ ಶ್ಲೋಕಗಳಲ್ಲೇ ಸ್ವಲ್ಪ ಹೊತ್ತು ನಡೆಯಿತು.

ಸತ್ಯಾನಂದ ಸ್ಟೋಕ್ಸ್ 1946ರ ಮೇ 14ರಂದು ತೀರಿಕೊಂಡರು. ಸ್ವಾತಂತ್ರ್ಯಕ್ಕೆ ಇನ್ನು ಒಂದು ವರ್ಷ ಚಿಲ್ಲರೆ ಇತ್ತು. ಅವರ ಸೊಸೆ ವಿದ್ಯಾ ಸ್ಟೋಕ್ಸ್ ಹಿಮಾಚಲದಲ್ಲಿ ಶಾಸಕಿ, ಸಚಿವೆ ಆದರು.

ನಾಲ್ಕನೇ ದಿನ: ಕೋಟ್‌ಗಢದ ಚರ್ಚ್, ಮೈಲನ್‌ನ ದೇವತೆ

ಥಾನೇದಾರ್‌ನಿಂದ ಇನ್ನಷ್ಟು ಕೆಳಗೆ ಇಳಿದರೆ ಕೋಟ್‌ಗಢದ ಹಳೆಯ ಊರು. 1843ರಲ್ಲಿ ಶುರುವಾದ ಗಾರ್ಟನ್ ಮಿಷನ್ ಶಾಲೆ ಇಲ್ಲಿದೆ. ಶಿಮ್ಲಾ ಸುತ್ತಲಿನ ಬೆಟ್ಟಗಳ ಹಳೆಯ ಶಾಲೆಗಳಲ್ಲಿ ಒಂದು. ಪಕ್ಕದಲ್ಲಿ ಸೇಂಟ್ ಮೇರಿ ಚರ್ಚ್, 1872ರದ್ದು. ಚಿಕ್ಕದು, ಕಲ್ಲಿನದು, ಸುತ್ತಲೂ ಮರಗಳು. ಶಾಲೆ ಬಂದು ಎಪ್ಪತ್ತು ಎಂಬತ್ತು ವರ್ಷವಾದ ಮೇಲೆ ಸೇಬು ಬಂತು. ಓದು ಬರೆಹ ಬಲ್ಲ ರೈತರು ಅಷ್ಟೊತ್ತಿಗೆ ಇಲ್ಲಿ ಇದ್ದರು ಅನ್ನುವುದನ್ನು ಮರೆಯಬಾರದು. ಹೊಸ ಬೆಳೆ ಇಲ್ಲಿ ಬೇಗ ಬೇರೂರಲು ಅದೂ ಒಂದು ಕಾರಣ ಅಂತ ನನಗೆ ಅನ್ನಿಸುತ್ತದೆ.

ಸಾಧು ಸುಂದರ ಸಿಂಗ್ ಅವರ ಹೆಸರೂ ಈ ಊರಿನ ಜೊತೆ ಇದೆ. ಪಂಜಾಬಿನ ಸಿಖ್ ಮನೆಯ ಹುಡುಗ. 1905ರ ಸೆಪ್ಟೆಂಬರ್ 3ರಂದು, ತನ್ನ ಹದಿನಾರನೇ ಹುಟ್ಟುಹಬ್ಬದ ದಿನ ಶಿಮ್ಲಾದಲ್ಲಿ ಕ್ರೈಸ್ತನಾದ. ಆದರೆ ಕಾವಿ ಬಟ್ಟೆ, ಬರಿಗಾಲು ಬಿಡಲಿಲ್ಲ. ಸ್ಟೋಕ್ಸ್ ಜೊತೆ ಕೆಲ ಕಾಲ ಇದ್ದು, ಇಲ್ಲಿಂದಲೇ ಟಿಬೆಟ್ ರಸ್ತೆ ಹಿಡಿದು ಮೇಲೆ ಹೋಗಿ ಬರುತ್ತಿದ್ದರು. 1929ರಲ್ಲಿ ಟಿಬೆಟ್ ಕಡೆ ಹೊರಟವರು ವಾಪಸ್ ಬರಲೇ ಇಲ್ಲ. ಸಿಖ್ ಹುಡುಗ ಕ್ರೈಸ್ತ ಸಾಧುವಾದ, ಅವನ ಸಂಗಾತಿ ಕ್ರೈಸ್ತ ಮಿಷನರಿ ಹಿಂದೂ ಸತ್ಯಾನಂದರಾದರು. ಇಬ್ಬರೂ ಓಡಾಡಿದ್ದು ಇದೇ ಬೆಟ್ಟದ ಕಾಲುದಾರಿಗಳಲ್ಲಿ. ಇಬ್ಬರ ಹುಡುಕಾಟದ ಮೇಲೂ ನನಗೆ ಗೌರವ ಇದೆ.

ಆದರೆ ಊರಿನವರಿಗೆ ಇದೆಲ್ಲಕ್ಕಿಂತ ಹಳೆಯ, ಹತ್ತಿರದ ದೇವರು ಬೇರೆ. ಮೈಲನ್ ಹಳ್ಳಿಯ ಚತುರ್ಮುಖ ದೇವತೆ. ಕೋಟ್‌ಗಢ ಸೀಮೆಗೆಲ್ಲ ಅವನೇ ಒಡೆಯ. ಗುಡಿ ಕಾಠ್-ಕುಣಿ ಶೈಲಿಯದ್ದು. ದೇವದಾರು ತೊಲೆಯ ಒಂದು ಸಾಲು, ಕಲ್ಲಿನ ಒಂದು ಸಾಲು, ಮತ್ತೆ ತೊಲೆ, ಮತ್ತೆ ಕಲ್ಲು. ಗಾರೆ, ಸಿಮೆಂಟು ಏನೂ ಇಲ್ಲ. ಮೂಲೆಯಲ್ಲಿ ತೊಲೆಗಳು ಒಂದರೊಳಗೊಂದು ಕಚ್ಚಿಕೊಂಡಿರುತ್ತವೆ. ಭೂಮಿ ನಡುಗಿದಾಗ ಇಡೀ ಗೋಡೆ ಅಲುಗಾಡಿ ಮತ್ತೆ ಕೂರುತ್ತದೆ. ಕಾಂಗ್ಡಾದಂಥ ಭೂಕಂಪ ಕಂಡ ಸೀಮೆಯಲ್ಲಿ ಇದು ಬರೀ ಚಂದಕ್ಕೆ ಮಾಡಿದ್ದಲ್ಲ.

ಈ ದೇವತೆಗಳು ಗುಡಿಯಲ್ಲೇ ಕೂರುವವರಲ್ಲ. ಪಲ್ಲಕ್ಕಿಯಲ್ಲಿ ಹೊರಟು ಹಳ್ಳಿ ಹಳ್ಳಿ ಸುತ್ತುತ್ತಾರೆ. 'ಗೂರ್' ಅನ್ನುವವನ ಮೈಮೇಲೆ ಬಂದು ಮಾತಾಡುತ್ತಾರೆ. ಮಳೆ ಬರದಿದ್ದರೆ, ಆಲಿಕಲ್ಲು ಬಿದ್ದರೆ, ಜಮೀನಿನ ಜಗಳ ಬಗೆಹರಿಯದಿದ್ದರೆ ಜನ ದೇವತೆಯ ಮುಂದೆ ನಿಲ್ಲುತ್ತಾರೆ. ಬಾವೂಜಿ ಪದವೀಧರರು, ಮಗ ದಿಲ್ಲಿಯಲ್ಲಿ ಕೆಲಸದಲ್ಲಿದ್ದಾನೆ. ತುಡಾನ್ ಶುರು ಮಾಡುವ ಮುಂಚೆ ಮೊದಲ ಹಣ್ಣು ದೇವತೆಗೆ ಕಳಿಸಿದ್ದಾಗಿ ಹೇಳಿದರು. "ಸ್ಟೋಕ್ಸ್ ಸಾಹೇಬರು ಮರ ಕೊಟ್ಟರು. ಆಲಿಕಲ್ಲು ತಡೆಯುವುದು ದೇವತೆ" ಅಂದರು.

ಕೊನೆಯ ದಿನ: ಮಂಡಿ

ಬೆಳಿಗ್ಗೆ ಬಾವೂಜಿಯ ಪಿಕಪ್ ಹಿಂದೆಯೇ ನಾರ್ಕಂಡದ ಮಂಡಿಗೆ ಹತ್ತಿದೆವು. ಹಿಂದಿನ ರಾತ್ರಿ ಅವರ ಅಂಗಳದಲ್ಲಿ ಪ್ಯಾಕಿಂಗ್ ನಡೆದಿತ್ತು. ಹಣ್ಣನ್ನು ಗಾತ್ರ ನೋಡಿ ಬೇರೆ ಮಾಡುತ್ತಾರೆ: ಎಕ್ಸ್‌ಟ್ರಾ ಲಾರ್ಜ್, ಲಾರ್ಜ್, ಮೀಡಿಯಮ್, ಸ್ಮಾಲ್, ಕೊನೆಗೆ ತೀರಾ ಚಿಕ್ಕದು 'ಪಿತ್ತು'. ಗಾಯವಾದದ್ದು ಬೇರೆ. ಟ್ರೇ ಮೇಲೆ ಟ್ರೇ ಇಟ್ಟು ರಟ್ಟಿನ ಪೆಟ್ಟಿಗೆ ತುಂಬುತ್ತಾರೆ. ಮುಂಚೆ ಪೆಟ್ಟಿಗೆಯ ಮುಚ್ಚಳ ಮೇಲಕ್ಕೆ ಏರಿಸಿ ಮೂವತ್ತು ಕಿಲೋವರೆಗೂ ತುರುಕಿಸುತ್ತಿದ್ದರಂತೆ. ಬೆಲೆ ಮಾತ್ರ ಪೆಟ್ಟಿಗೆ ಲೆಕ್ಕ. ರೈತರು ಬಹಳ ವರ್ಷ ಇದರ ವಿರುದ್ಧ ಕೂಗಿದರು. 2024ರಿಂದ ಹಿಮಾಚಲದಲ್ಲಿ ಯೂನಿವರ್ಸಲ್ ಕಾರ್ಟನ್ ಬಂದಿದೆ. ಅದರಲ್ಲಿ ಹಿಡಿಯುವುದು ಸುಮಾರು ಇಪ್ಪತ್ತು ಕಿಲೋ ಮಾತ್ರ. ಭಾವ ಇದನ್ನು ಎರಡು ಸಲ ಕೇಳಿ ಖಚಿತ ಮಾಡಿಕೊಂಡರು. ತೂಕದಲ್ಲಿ ಮೋಸ ಹೋಗುವುದು ಯಾವ ರೈತನಿಗೆ ಗೊತ್ತಿಲ್ಲ?

ಮಂಡಿಯಲ್ಲಿ ಆಢ್ತಿ, ಅಂದರೆ ದಲ್ಲಾಳಿ, ಒಂದೆರಡು ಪೆಟ್ಟಿಗೆ ಬಿಚ್ಚಿಸಿ ಕೂಗುತ್ತಾನೆ. ಇಡೀ ಲಾಟಿನ ಹರಾಜು ನಿಮಿಷದಲ್ಲಿ ಮುಗಿಯುತ್ತದೆ. ವರ್ಷದ ದುಡಿಮೆಯ ಬೆಲೆ ಅಷ್ಟು ಹೊತ್ತಿನಲ್ಲಿ ತೀರ್ಮಾನ. ಇರಾನ್, ಟರ್ಕಿ, ಅಮೆರಿಕದ ಸೇಬು ಮಾರುಕಟ್ಟೆಗೆ ಬಂದ ವಾರ ಇಲ್ಲಿಯ ಕೂಗು ತಗ್ಗುತ್ತದೆ ಅಂತ ಬಾವೂಜಿ ಹೇಳಿದರು. ಅವರ ಲಾಟನ್ನು ದಿಲ್ಲಿಯ ಆಜಾದ್‌ಪುರದ ವ್ಯಾಪಾರಿ ತೆಗೆದುಕೊಂಡರು. ಬೆಲೆ ಸಮಾಧಾನವೂ ಅಲ್ಲ, ನಷ್ಟವೂ ಅಲ್ಲ ಎಂಬಂತೆ ಇತ್ತು ಅವರ ಮುಖ.

ಈ ಪ್ರವಾಸದುದ್ದಕ್ಕೂ ನಾನು ಗಮನಿಸಿದ ಒಂದು ವಿಷಯ ಹೇಳಲೇಬೇಕು. ತೋಟದ ತಳದಿಂದ ರಸ್ತೆಯವರೆಗೆ ಹಣ್ಣು ಬರುವುದು ಇವತ್ತಿಗೂ ಬೆನ್ನ ಮೇಲೆಯೇ. 'ಕಿಲ್ಟಾ' ಅನ್ನುವ ಬಿದಿರಿನ ಉದ್ದ ಬುಟ್ಟಿ, ಅದರ ಪಟ್ಟಿ ಹೆಗಲಿಗೆ. ಮಳೆಯಲ್ಲಿ ಜಾರುವ ಕಡಿದಾದ ಕಾಲುದಾರಿ. ಹೊರುವವರಲ್ಲಿ ಹೆಚ್ಚಿನವರು ನೇಪಾಳದಿಂದ ಬಂದ ಗಂಡಸರು ಮತ್ತು ಹೆಂಗಸರು. ಗೂರ್ಖಾ ಸೈನ್ಯ ಒಂದು ಕಾಲಕ್ಕೆ ಗೆದ್ದ ಬೆಟ್ಟಕ್ಕೆ ಅವರ ದೇಶದವರು ಈಗ ಕೂಲಿಗೆ ಬರುತ್ತಾರೆ. ಕೆಲವರು ತೋಟದ ಮೂಲೆಯ ಕೋಣೆಯಲ್ಲಿ ವರ್ಷವಿಡೀ ಇದ್ದು ಸವರುವುದು, ಪಾತಿ ಬಿಡಿಸುವುದು, ಔಷಧಿ ಹೊಡೆಯುವುದು ಎಲ್ಲ ಮಾಡುತ್ತಾರೆ. ಬಾವೂಜಿಯ ತೋಟದಲ್ಲಿ ಕಿಲ್ಟಾ ಹೊತ್ತು ಬಂದ ಒಬ್ಬ ಯುವಕ ಅದನ್ನು ಇಳಿಸಿ, ಜೇಬಿನಿಂದ ಸಣ್ಣ ನೋಟ್‌ಬುಕ್ ತೆಗೆದು ಗೆರೆ ಹಾಕಿಕೊಂಡ. ಎಷ್ಟು ಹೊರೆ ತಂದೆ ಅನ್ನುವ ಲೆಕ್ಕ. ಬಾವೂಜಿಯ ಸೊಸೆಯ ಬಳಿಯೂ ಅಂಥದ್ದೇ ಪುಸ್ತಕ. ಸಂಜೆ ಎರಡನ್ನೂ ಹೋಲಿಸಿ ನೋಡುತ್ತಾರೆ.

"ನಮ್ಮ ಅಜ್ಜ ಹೊತ್ತ ಹೊರೆಗೆ ಲೆಕ್ಕ ಬರೆಯುವವರು ಇರಲಿಲ್ಲ" ಅಂದರು ಬಾವೂಜಿ. ಹಾಗೆಂದು ಎಲ್ಲ ತೋಟಗಳಲ್ಲೂ ಇಷ್ಟೇ ಚೊಕ್ಕವಾಗಿ ನಡೆಯುತ್ತದೆ ಅಂತ ಅವರೂ ಹೇಳಲಿಲ್ಲ. ಮಳೆಗೆ ಕೆಲಸ ನಿಂತ ದಿನ ಕೂಲಿ ಕೊಡುವವರು ಕಮ್ಮಿ. ಬಿದ್ದು ಕಾಲು ಮುರಿದರೆ ಖರ್ಚು ಯಾರದು ಅನ್ನುವುದು ಮಾಲೀಕರ ಮನಸ್ಸಿಗೆ ಬಿಟ್ಟದ್ದು. ನೂರು ವರ್ಷದ ಹಿಂದೆ ಊರಿಗೆ ಊರೇ ಸೇರಿ ತೀರ್ಮಾನ ಮಾಡಿದ ಜಾಗ ಇದು. ಹೊರುವವರ ಪರವಾಗಿ ಇನ್ನೊಂದು ತೀರ್ಮಾನ ಇಲ್ಲಿಂದಲೇ ಬರಬೇಕು ಅಂತ ನನ್ನ ಆಸೆ. ಬಾವೂಜಿಗೂ ಅದನ್ನೇ ಹೇಳಿದೆ. ಅವರು ಒಪ್ಪಿದರು, ಪಂಚಾಯಿತಿಯಲ್ಲಿ ಮಾತೆತ್ತುತ್ತೇನೆ ಅಂದರು.

ಹೋಗಬೇಕೆನ್ನುವವರಿಗೆ: ಹೂ ನೋಡಲು ಏಪ್ರಿಲ್, ಹಣ್ಣು ನೋಡಲು ಆಗಸ್ಟ್. ಆಗಸ್ಟ್‌ನಲ್ಲಿ ರಸ್ತೆ ಯಾವಾಗ ಬೇಕಾದರೂ ಮುಚ್ಚಬಹುದು, ಕೈಯಲ್ಲಿ ಒಂದೆರಡು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಶಿಮ್ಲಾದಿಂದ ನಾರ್ಕಂಡಕ್ಕೆ ಬಸ್ಸಿದೆ, ಅಲ್ಲಿಂದ ಥಾನೇದಾರ್ ಹದಿನೈದು ಕಿಲೋಮೀಟರ್ ಆಸುಪಾಸು. ರಸ್ತೆ ಬದಿಯ ಮರದ ಹಣ್ಣಿಗೆ ಕೈ ಹಾಕಬೇಡಿ. ಕೇಳಿದರೆ ಅವರೇ ಕೊಡುತ್ತಾರೆ, ಅದೂ ಬುಟ್ಟಿ ತುಂಬ.